ಮನೆಗೆ ಬಂದ ಲಿಥಿಯಂ ಬ್ಯಾಟರಿ: ಬೆಂಕಿ ಕಲಿಸಿದ ಪಾಠಗಳು

ನಮ್ಮ ಹಳ್ಳಿಗಳಲ್ಲಿ ಬಹುಕಾಲ ಬ್ಯಾಟರಿ ಎಂದರೆ ಟಾರ್ಚು ಎಂದೇ ಅರ್ಥವಿತ್ತು. ‘ಬ್ಯಾಟರಿ ತಗೊಂಡು ಬಾ’ ಎಂದರೆ ಮೊಳೆಗೆ ನೇತುಹಾಕಿದ್ದ ಎರಡು ಶೆಲ್ಲಿನ ಟಾರ್ಚು ಕೈಗೆ ಬರುತ್ತಿತ್ತು. ಶೆಲ್ಲು ಸೊರಗಿದರೆ ಬಿಸಿಲಿಗಿಟ್ಟು ಇನ್ನೆರಡು ದಿನ ದೂಡುತ್ತಿದ್ದರು. ತೀರಾ ಹಳೆಯದಾದರೆ ಅದು ಸೋರಿ ಟಾರ್ಚನ್ನು ಕೆಡಿಸುತ್ತಿತ್ತು, ಅಷ್ಟೇ. ಮನೆಗೆ ಬೆಂಕಿ ಹಚ್ಚುವ ಶಕ್ತಿ ಅದಕ್ಕಿರಲಿಲ್ಲ.

ಈಗ ನೀವು ಕುಳಿತಿರುವ ಮನೆಯಲ್ಲೇ ಒಮ್ಮೆ ಎಣಿಸಿ ನೋಡಿ. ಕೈಯಲ್ಲಿ ಮೊಬೈಲು, ಕಪಾಟಿನಲ್ಲಿ ಪವರ್ ಬ್ಯಾಂಕು, ಗೋಡೆಯಲ್ಲಿ ಚಾರ್ಜಿನ ದೀಪ, ಮಗನ ಲ್ಯಾಪ್‌ಟಾಪು, ಮೊಮ್ಮಗನ ಆಟಿಕೆ ಕಾರು, ಜಗಲಿಯಲ್ಲಿ ಕರೆಂಟಿನ ಸ್ಕೂಟರು. ಇವುಗಳಲ್ಲಿ ಹೆಚ್ಚಿನವು ಲಿಥಿಯಂ ಬ್ಯಾಟರಿಯವು. ಹೆಸರು ಹಳೆಯದೇ, ವಸ್ತು ಮಾತ್ರ ಬೇರೆ. ಈ ವಸ್ತು ಎಲ್ಲಿಂದ ಬಂತು, ಅದರೊಳಗೆ ಬೆಂಕಿ ಯಾಕೆ ಅಡಗಿದೆ, ಅದನ್ನು ಕಟ್ಟಿಹಾಕಲು ತಿಳಿದವರು ಏನೇನು ಮಾಡಿದರು, ಕೊನೆಗೆ ನಮ್ಮ ಪಾಲಿಗೆ ಉಳಿದ ಕೆಲಸವೇನು ಎಂಬುದನ್ನು ಇಂದು ಸ್ವಲ್ಪ ನೋಡೋಣ.

ಕಥೆ ಆರಂಭವಾಗುವುದು ಒಂದು ಕಲ್ಲಿನಿಂದ. 1817ರಲ್ಲಿ ಸ್ವೀಡನ್ ದೇಶದ ಯೋಹಾನ್ ಆಗಸ್ಟ್ ಅರ್ಫ್‌ವೆಡ್ಸನ್ ಎಂಬ ಯುವ ರಸಾಯನ ವಿಜ್ಞಾನಿ, ಬರ್ಜೀಲಿಯಸ್ ಎಂಬ ಹೆಸರಾಂತ ಗುರುವಿನ ಪ್ರಯೋಗಶಾಲೆಯಲ್ಲಿ ಒಂದು ಖನಿಜವನ್ನು ಪರೀಕ್ಷಿಸುತ್ತಿದ್ದ. ಊಟೊ ಎಂಬ ದ್ವೀಪದ ಗಣಿಯಿಂದ ಬಂದ ಆ ಕಲ್ಲಿನಲ್ಲಿ ಅದುವರೆಗೆ ಯಾರೂ ಕಾಣದ ಧಾತುವೊಂದು ಇರುವುದು ಅವನಿಗೆ ಗೊತ್ತಾಯಿತು. ಗ್ರೀಕ್ ಭಾಷೆಯಲ್ಲಿ ‘ಲಿಥೋಸ್’ ಎಂದರೆ ಕಲ್ಲು. ಅದರಿಂದಲೇ ಲಿಥಿಯಂ ಎಂಬ ಹೆಸರು ಬಂತು. ಹುಟ್ಟಿದ್ದು ಕಲ್ಲಿನಲ್ಲಾದರೂ ಲೋಹಗಳಲ್ಲೆಲ್ಲ ಹಗುರ ಇದೇ. ನೀರಿನ ತೂಕದ ಅರ್ಧದಷ್ಟು ಮಾತ್ರ ತೂಗುತ್ತದೆ. ನೀರಿಗೆ ಹಾಕಿದರೆ ತೇಲುತ್ತದೆ, ತೇಲುತ್ತಲೇ ನೀರಿನೊಡನೆ ಕಾದಾಡಿ ಉರಿಯುವ ಅನಿಲವನ್ನು ಹೊರಬಿಡುತ್ತದೆ. ಆದ್ದರಿಂದ ಪ್ರಯೋಗಶಾಲೆಗಳಲ್ಲಿ ಅದನ್ನು ಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ.

ಸುಮಾರು ಒಂದೂವರೆ ಶತಮಾನ ಈ ಲೋಹಕ್ಕೂ ನಮ್ಮ ಮನೆಗಳಿಗೂ ಯಾವ ನಂಟೂ ಇರಲಿಲ್ಲ. 1973ರಲ್ಲಿ ಜಗತ್ತಿಗೆ ಪೆಟ್ರೋಲಿನ ಅಭಾವ ತಟ್ಟಿತು. ಎಣ್ಣೆ ಕಂಪನಿಗಳೂ ಎಣ್ಣೆಗೆ ಬದಲಿ ಹುಡುಕತೊಡಗಿದ ಕಾಲ ಅದು. ಅಮೆರಿಕದ ಎಕ್ಸಾನ್ ಕಂಪನಿಯಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಎಂಬ ವಿಜ್ಞಾನಿ, ಒಂದು ಕಡೆ ಲಿಥಿಯಂ ಲೋಹ, ಇನ್ನೊಂದು ಕಡೆ ಟೈಟಾನಿಯಂ ಮತ್ತು ಗಂಧಕ ಕೂಡಿದ ವಸ್ತುವನ್ನಿಟ್ಟು ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ಬ್ಯಾಟರಿಯನ್ನು ಸಿದ್ಧಪಡಿಸಿದರು. ಬ್ಯಾಟರಿ ಹಗುರವಾಗಿತ್ತು, ಶಕ್ತಿಯುತವಾಗಿತ್ತು. ಆದರೆ ಅದಕ್ಕೊಂದು ರೋಗವಿತ್ತು. ಚಾರ್ಜು ಮಾಡಿದಂತೆಲ್ಲ ಲಿಥಿಯಂ ಲೋಹದ ಮೇಲೆ ಜಾಲಿಮುಳ್ಳಿನಂಥ ಸಣ್ಣ ಸಣ್ಣ ಮೊನೆಗಳು ಬೆಳೆಯುತ್ತಿದ್ದವು. ಮುಳ್ಳು ಬೆಳೆದು ಎದುರಿನ ಧ್ರುವವನ್ನು ಮುಟ್ಟಿದರೆ ಒಳಗೊಳಗೇ ಶಾರ್ಟ್ ಸರ್ಕಿಟ್, ಅಲ್ಲಿಂದ ಬೆಂಕಿ. ಆ ಪ್ರಯೋಗಶಾಲೆಗೆ ಅಗ್ನಿಶಾಮಕ ದಳದವರು ಹಲವು ಬಾರಿ ಬರಬೇಕಾಯಿತು. ಲಿಥಿಯಂ ಬೆಂಕಿಯನ್ನು ನಂದಿಸುವ ವಿಶೇಷ ರಾಸಾಯನಿಕದ ಖರ್ಚನ್ನು ನೀವೇ ಕೊಡಬೇಕಾದೀತು ಎಂದು ಅವರು ಬೆದರಿಸಿದರಂತೆ. ಅಂದರೆ ನೋಡಿ, ಈ ಬ್ಯಾಟರಿ ಇನ್ನೂ ತೊಟ್ಟಿಲಲ್ಲಿರುವಾಗಲೇ ಬೆಂಕಿ ಅದರ ಜೊತೆಗಿತ್ತು.

ಮುಂದಿನ ಹೆಜ್ಜೆಯನ್ನು 1980ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಇಟ್ಟರು. ಗಂಧಕದ ವಸ್ತುವಿಗೆ ಬದಲು ಕೋಬಾಲ್ಟ್ ಆಕ್ಸೈಡನ್ನು ಬಳಸಿ ಬ್ಯಾಟರಿಯ ಒತ್ತಡವನ್ನು 4 ವೋಲ್ಟಿಗೆ ಏರಿಸಿದರು. ಶಕ್ತಿ ಹೆಚ್ಚಿತು, ಆದರೆ ಬೆಂಕಿಯ ಭಯ ಹೋಗಲಿಲ್ಲ. ಅದಕ್ಕೆ ಉಪಾಯ ಹುಡುಕಿದವರು ಜಪಾನಿನ ಅಕಿರಾ ಯೋಶಿನೊ. ಅವರು 1985ರಲ್ಲಿ ಲಿಥಿಯಂ ಲೋಹವನ್ನೇ ತೆಗೆದುಹಾಕಿ ಅದರ ಜಾಗದಲ್ಲಿ ಇಂಗಾಲವನ್ನಿಟ್ಟರು. ಲೋಹದ ಗಟ್ಟಿ ಇಲ್ಲ. ಲಿಥಿಯಂ ಕೇವಲ ಅಯಾನುಗಳ ರೂಪದಲ್ಲಿ, ಎಂದರೆ ವಿದ್ಯುತ್ತನ್ನು ಹೊತ್ತ ಸೂಕ್ಷ್ಮ ಕಣಗಳಾಗಿ, ಆಚೆಗೂ ಈಚೆಗೂ ಓಡಾಡುತ್ತದೆ. ಮರುವರ್ಷ ಅವರು ಒಂದು ಪರೀಕ್ಷೆ ಮಾಡಿದರು. ಬ್ಯಾಟರಿಯ ಮೇಲೆ ಭಾರವಾದ ಕಬ್ಬಿಣದ ತುಂಡೊಂದನ್ನು ಬೀಳಿಸಿದರು. ಹೊಸ ಬ್ಯಾಟರಿ ಜಜ್ಜಿಹೋಯಿತು, ಬೇರೇನೂ ಆಗಲಿಲ್ಲ. ಶುದ್ಧ ಲಿಥಿಯಂ ಇದ್ದ ಬ್ಯಾಟರಿಯ ಮೇಲೆ ಬೀಳಿಸಿದಾಗ ಅದು ಭಾರಿ ಸದ್ದಿನೊಂದಿಗೆ ಸಿಡಿಯಿತು. ಆ ಪರೀಕ್ಷೆ ದಾಟಿದ ಕ್ಷಣವೇ ಲಿಥಿಯಂ ಅಯಾನು ಬ್ಯಾಟರಿ ನಿಜವಾಗಿ ಹುಟ್ಟಿದ ಕ್ಷಣ ಎಂಬ ಭಾವವನ್ನು ಯೋಶಿನೊ ಮುಂದೆ ವ್ಯಕ್ತಪಡಿಸಿದ್ದಾರೆ.

ಅವಸರಪಟ್ಟವರೂ ಇದ್ದರು. ಕೆನಡಾದ ಮೋಲಿ ಎನರ್ಜಿ ಕಂಪನಿ ಲಿಥಿಯಂ ಲೋಹದ ಬ್ಯಾಟರಿಗಳನ್ನೇ ಮಾರುಕಟ್ಟೆಗೆ ಬಿಟ್ಟಿತ್ತು. 1989ರಲ್ಲಿ ಜಪಾನಿನಲ್ಲಿ ಅಂಥ ಬ್ಯಾಟರಿಯಿದ್ದ ಫೋನಿಗೆ ಬೆಂಕಿ ಹತ್ತಿ ಬಳಸುವವರಿಗೆ ಸುಟ್ಟ ಗಾಯವಾಯಿತು. ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಎರಡು ವರ್ಷಗಳ ನಂತರ, 1991ರಲ್ಲಿ, ಸೋನಿ ಕಂಪನಿ ಇಂಗಾಲದ ಧ್ರುವವಿರುವ ಲಿಥಿಯಂ ಅಯಾನು ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ನಮ್ಮ ಮೊಬೈಲುಗಳಲ್ಲಿ ಇರುವುದು ಇದರ ವಂಶದ್ದೇ. 2019ರಲ್ಲಿ ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೊ ಮೂವರಿಗೂ ನೊಬೆಲ್ ಪ್ರಶಸ್ತಿ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ. ಅವರ ಪರವಾಗಿ ನೊಬೆಲ್ ಉಪನ್ಯಾಸವನ್ನು ಕೊಟ್ಟವರು ತಮಿಳುನಾಡಿನಿಂದ ಹೋಗಿ ಅವರೊಡನೆ ದುಡಿದ ಅರುಮುಗಂ ಮಂಥಿರಂ.

ಹಾಗಾದರೆ ಲೋಹ ಹೋದ ಮೇಲೂ ಬೆಂಕಿ ಯಾಕೆ ಉಳಿಯಿತು? ಇದನ್ನು ತಿಳಿಯಲು ಗಡಿಯಲ್ಲಿರುವ ನಮಗೆ ದೂರ ಹೋಗಬೇಕಿಲ್ಲ. ಬೆಳಿಗ್ಗೆ ಗಡಿ ದಾಟಿ ಕೆಲಸಕ್ಕೆ ಹೋಗಿ ಸಂಜೆ ಮರಳುವ ನಮ್ಮ ಜನರನ್ನು ನೆನೆದುಕೊಳ್ಳಿ. ಲಿಥಿಯಂ ಕಣಗಳೂ ಹಾಗೆಯೇ. ಚಾರ್ಜು ಮಾಡುವಾಗ ಈ ಕಡೆಗೆ ಬರುತ್ತವೆ, ಬಳಸುವಾಗ ಆ ಕಡೆಗೆ ಹೋಗುತ್ತವೆ. ನಡುವೆ ಒಂದು ಪ್ಲಾಸ್ಟಿಕ್ಕಿನ ಪರದೆಯಿದೆ. ಕಣಗಳನ್ನು ದಾಟಿಸುತ್ತದೆ, ಆದರೆ ಎರಡು ಧ್ರುವಗಳು ಒಂದನ್ನೊಂದು ಮುಟ್ಟಲು ಬಿಡುವುದಿಲ್ಲ. ಈ ತನಿಖಾ ಠಾಣೆಯ ದಪ್ಪ ನಮ್ಮ ತಲೆಗೂದಲಿಗಿಂತಲೂ ಕಡಿಮೆ. ಅದರ ಸುತ್ತ ತುಂಬಿರುವ ದ್ರವವೋ, ಸೀಮೆಎಣ್ಣೆಯಂತೆ ಉರಿಯುವ ಜಾತಿಯದು.

ಬ್ಯಾಟರಿ ಜಜ್ಜಿದರೆ, ಚುಚ್ಚಿದರೆ, ಅತಿಯಾಗಿ ಚಾರ್ಜಾದರೆ, ಅಥವಾ ಹೊರಗಿನ ಕಾವು ತಗುಲಿದರೆ ಒಳಗೆ ಬಿಸಿ ಏರುತ್ತದೆ. ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಿಂದ ಆಚೆಗೆ ಪರದೆ ಕರಗತೊಡಗುತ್ತದೆ. ಧ್ರುವಗಳು ಕೂಡಿಕೊಂಡು ಇನ್ನಷ್ಟು ಬಿಸಿ. 200 ಡಿಗ್ರಿಯ ಆಸುಪಾಸಿನಲ್ಲಿ ಕೋಬಾಲ್ಟ್ ಇರುವ ಧ್ರುವ ತನ್ನೊಳಗಿನ ಆಮ್ಲಜನಕವನ್ನೇ ಹೊರಬಿಡುತ್ತದೆ. ಕಾವಿನಿಂದ ಕಾವು ಹುಟ್ಟುತ್ತಾ ಹೋಗಿ, ಒಂದು ಸೆಲ್ಲಿನಿಂದ ಪಕ್ಕದ ಸೆಲ್ಲಿಗೆ ದಾಟುತ್ತದೆ. ಸೌದೆಯ ಬೆಂಕಿಗೆ ಗೋಣಿಚೀಲ ಮುಚ್ಚಿ ಗಾಳಿ ತಪ್ಪಿಸಿದರೆ ನಂದೀತು. ಈ ಬೆಂಕಿಯ ಮುಂದೆ ಆ ಉಪಾಯ ನಡೆಯದು. ಅದು ಉಸಿರನ್ನು ತನ್ನ ಜೊತೆಯಲ್ಲೇ ತಂದಿರುತ್ತದೆ. ಅದರ ಹೊಗೆಯಲ್ಲಿ ಶ್ವಾಸಕೋಶವನ್ನು ಸುಡುವ ವಿಷಾನಿಲಗಳೂ ಇರುತ್ತವೆ.

ಈ ಕಾರಣಕ್ಕಾಗಿಯೇ ತಯಾರಕರು ಬ್ಯಾಟರಿಯೊಳಗೆ ಒಂದು ಪುಟ್ಟ ಕಾವಲುಗಾರನನ್ನು ಕೂರಿಸಿದರು. ಅದು ಸಣ್ಣ ವಿದ್ಯುನ್ಮಾನ ಹಲಗೆ. ಸೆಲ್ಲು 4.2 ವೋಲ್ಟಿನ ಆಸುಪಾಸು ಮುಟ್ಟಿದೊಡನೆ ಚಾರ್ಜನ್ನು ಕಡಿಯುವುದು, ಶಾರ್ಟ್ ಆದರೆ ಹರಿವನ್ನು ನಿಲ್ಲಿಸುವುದು ಅದರ ಕೆಲಸ. ಅಗ್ಗದ ನಕಲಿ ಬ್ಯಾಟರಿಗಳಲ್ಲಿ ಮೊದಲು ಕಾಣೆಯಾಗುವುದು ಇದೇ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಒಂದಕ್ಕೆ ಕಾವಲಿದೆ, ಇನ್ನೊಂದಕ್ಕಿಲ್ಲ.

ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಹಳ್ಳಿಗಳಿಗೆ ಮೊಬೈಲು ಹರಡಲು ಇನ್ನೂ ಹತ್ತು ವರ್ಷ ಹಿಡಿಯಿತು. 2003ರಲ್ಲಿ ಬಂದ ನೋಕಿಯಾ 1100 ನಿಮಗೆ ನೆನಪಿರಬಹುದು. ತಲೆಯ ಮೇಲೆ ಟಾರ್ಚು ಇದ್ದ ಫೋನು. ಅದರ ಬೆನ್ನಲ್ಲಿ ಇದ್ದದ್ದು ಬಿಎಲ್-5ಸಿ ಎಂಬ ಬ್ಯಾಟರಿ. 2007ರ ಆಗಸ್ಟ್ 14ರಂದು ನೋಕಿಯಾ ಒಂದು ಎಚ್ಚರಿಕೆ ಹೊರಡಿಸಿತು. ಜಪಾನಿನ ಮಾತ್ಸುಶಿತಾ ಕಂಪನಿ 2005ರ ಡಿಸೆಂಬರಿನಿಂದ 2006ರ ನವೆಂಬರಿನವರೆಗೆ ತಯಾರಿಸಿದ 4 ಕೋಟಿ 60 ಲಕ್ಷ ಬ್ಯಾಟರಿಗಳಲ್ಲಿ ಕೆಲವು ಚಾರ್ಜು ಮಾಡುವಾಗ ಅತಿಯಾಗಿ ಬಿಸಿಯಾಗಬಹುದು, ಬದಲಿಸಿಕೊಳ್ಳಿ ಎಂದಿತು. ಜಗತ್ತಿನಲ್ಲೆಲ್ಲ ಆಗ ವರದಿಯಾಗಿದ್ದದ್ದು ಸುಮಾರು 100 ಪ್ರಕರಣಗಳು; ಯಾರಿಗೂ ದೊಡ್ಡ ಗಾಯವಾಗಿರಲಿಲ್ಲ. ಆದರೂ ನಮ್ಮ ದೇಶದ ಪಟ್ಟಣಗಳಲ್ಲಿ ಜನ ಬ್ಯಾಟರಿ ಹಿಡಿದು ಸಾಲುಗಟ್ಟಿ ನಿಂತರು. ಜೇಬಿನಲ್ಲಿರುವುದು ಬರೀ ಶೆಲ್ಲಲ್ಲ ಎಂದು ಸಾಮಾನ್ಯ ಜನರಿಗೆ ಮೊದಲು ಹೊಳೆದದ್ದು ಆಗಲೇ ಇರಬೇಕು.

ಅದಕ್ಕೆ ಹಿಂದಿನ ವರ್ಷ, 2006ರಲ್ಲಿ, ಡೆಲ್ ಕಂಪನಿ ಸೋನಿ ಸೆಲ್ಲುಗಳಿದ್ದ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು. ತಯಾರಿಕೆಯ ವೇಳೆ ಒಳಸೇರಿದ ಲೋಹದ ಸೂಕ್ಷ್ಮ ಚೂರುಗಳು ಅಲ್ಲಿ ಕಾರಣವಾಗಿದ್ದವು. 2016ರಲ್ಲಿ ಸ್ಯಾಮ್‌ಸಂಗ್ ತನ್ನ ನೋಟ್ 7 ಫೋನನ್ನು ಮಾರುಕಟ್ಟೆಯಿಂದಲೇ ತೆಗೆದುಹಾಕಿತು. ಒಂದು ಬಗೆಯ ಬ್ಯಾಟರಿಯಲ್ಲಿ ಮೂಲೆಯ ಪಟ್ಟಿ ಬಾಗಿಕೊಂಡಿತ್ತು. ಬದಲಿಗೆ ತಂದ ಇನ್ನೊಂದರಲ್ಲಿ ಬೆಸುಗೆಯ ಚೂಪು ಅಂಚು ಪರದೆಯನ್ನು ಚುಚ್ಚುತ್ತಿತ್ತು. ಕೂದಲಿಗಿಂತ ತೆಳುವಾದ ಪರದೆಗೆ ಮರಳಿನ ಕಣದಷ್ಟು ದೋಷವೂ ದೊಡ್ಡದೇ.

ಈ ನಡುವೆ ವಿಮಾನಗಳಿಂದ ಇನ್ನೊಂದು ಪಾಠ ಬಂತು. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಸರಕು ವಿಮಾನವೊಂದರಲ್ಲಿ, ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಹತ್ತಿ ವಿಮಾನ ಬಿದ್ದು ಇಬ್ಬರೂ ಚಾಲಕರು ಸತ್ತರು. 2016ರ ಏಪ್ರಿಲ್ 1ರಿಂದ ಪ್ರಯಾಣಿಕರ ವಿಮಾನಗಳಲ್ಲಿ ಲಿಥಿಯಂ ಅಯಾನು ಬ್ಯಾಟರಿಗಳನ್ನು ಸರಕಾಗಿ ಸಾಗಿಸುವುದು ನಿಂತಿತು. ಪವರ್ ಬ್ಯಾಂಕನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ, ಕೈಚೀಲದಲ್ಲಿ ಇಟ್ಟುಕೊಳ್ಳಿ ಎಂದು ವಿಮಾನ ನಿಲ್ದಾಣದಲ್ಲಿ ಹೇಳುವುದನ್ನು ಗಲ್ಫಿಗೆ ಹೋಗಿಬರುವ ನಮ್ಮ ಕಾಸರಗೋಡಿನ ಬಂಧುಗಳು ಕೇಳಿಯೇ ಇರುತ್ತೀರಿ. ಯಾಕೆ ಹಾಗೆ? ಕೈಚೀಲದಲ್ಲಿ ಹೊಗೆ ಕಂಡರೆ ಪಕ್ಕದಲ್ಲೇ ಎಚ್ಚರವಿರುವ ಮನುಷ್ಯರಿದ್ದಾರೆ. ಕೆಳಗಿನ ಸರಕಿನ ಕೋಣೆಯಲ್ಲಿ ಯಾರೂ ಇಲ್ಲ. ಈ ಬೆಂಕಿಯ ಮುಂದೆ ಬೆಲೆಬಾಳುವುದು ಎರಡೇ: ನೋಡುವ ಕಣ್ಣು ಮತ್ತು ಓಡಲು ಸಿಗುವ ಸಮಯ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಇನ್ನು ಸ್ಕೂಟರಿನ ಕಾಲಕ್ಕೆ ಬರೋಣ. 1991ರಿಂದ 2018ರ ವೇಳೆಗೆ ಲಿಥಿಯಂ ಬ್ಯಾಟರಿಯ ಬೆಲೆ ನೂರಕ್ಕೆ 97ರಷ್ಟು ಇಳಿಯಿತು. ಬೆಲೆ ಇಳಿದದ್ದರಿಂದಲೇ ಅದು ಜೇಬಿನಿಂದ ಜಗಲಿಗೆ ಬಂತು. ಹೊಸೂರಿನ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ಕರೆಂಟಿನ ಸ್ಕೂಟರು ತಯಾರಿಸುವ ಕಾರ್ಖಾನೆಗಳು ಅವರ ಊರಲ್ಲೇ ಇವೆ. ಆದರೆ ಒಂದು ಲೆಕ್ಕ ನೋಡಿ. ಸಾಧಾರಣ ಮೊಬೈಲಿನ ಬ್ಯಾಟರಿಯಲ್ಲಿರುವುದು 15ರಿಂದ 20 ವಾಟ್-ಗಂಟೆಯ ಶಕ್ತಿ. 3 ಯೂನಿಟ್ ಹಿಡಿಯುವ ಸ್ಕೂಟರ್ ಬ್ಯಾಟರಿಯಲ್ಲಿ 3,000 ವಾಟ್-ಗಂಟೆ. ನೂರೈವತ್ತಕ್ಕೂ ಹೆಚ್ಚು ಮೊಬೈಲುಗಳನ್ನು ಒಂದು ಮೂಟೆ ಕಟ್ಟಿ ಮನೆಯೊಳಗೆ ತಂದಂತೆ.

2022ರಲ್ಲಿ ಈ ಲೆಕ್ಕ ನಮ್ಮ ನೆರೆಯಲ್ಲೇ ಜೀವಗಳನ್ನು ತೆಗೆದುಕೊಂಡಿತು. ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರಿಗೆ ಬೆಂಕಿ ಹತ್ತಿ, ಹೊಗೆಯಲ್ಲಿ ಉಸಿರುಕಟ್ಟಿ ತಂದೆ ಮತ್ತು ಮಗಳು ತೀರಿಕೊಂಡರು. ಏಪ್ರಿಲಿನಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ, ಸ್ಕೂಟರಿನಿಂದ ಕಳಚಿ ಮನೆಯೊಳಗೆ ಚಾರ್ಜಿಗಿಟ್ಟಿದ್ದ ಬ್ಯಾಟರಿ ಸಿಡಿದು ವೃದ್ಧರೊಬ್ಬರು ಸತ್ತರು. ಅದೇ ತಿಂಗಳು ಆಂಧ್ರದ ವಿಜಯವಾಡದಲ್ಲಿ ಮಲಗುವ ಕೋಣೆಯಲ್ಲಿ ಚಾರ್ಜಾಗುತ್ತಿದ್ದ ಬ್ಯಾಟರಿ ಸಿಡಿದು ಮನೆಯ ಯಜಮಾನ ಸತ್ತ, ಹೆಂಡತಿ ಮಕ್ಕಳು ಗಾಯಗೊಂಡರು. ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ಸ್ಕೂಟರ್ ಅಂಗಡಿಯಿಂದ ಎದ್ದ ಬೆಂಕಿಯ ಹೊಗೆ ಮೇಲಿದ್ದ ಲಾಡ್ಜಿಗೆ ನುಗ್ಗಿ 8 ಮಂದಿ ಸತ್ತರು.

ಈ ಮೂರು ಮನೆಗಳ ದುರಂತವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೂರೂ ಕಡೆ ಚಾರ್ಜು ಹಾಕಿದ್ದು ಮನೆಯಲ್ಲಿ. ಮೂರೂ ಕಡೆ ಮನೆಮಂದಿ ಮಲಗಿದ ಹೊತ್ತು. ವಿಮಾನದವರು ಹೇಳಿದ ಎರಡೂ, ನೋಡುವ ಕಣ್ಣು ಮತ್ತು ಓಡುವ ಸಮಯ, ಅಲ್ಲಿ ಇರಲಿಲ್ಲ. ಸತ್ತವರು ಯಾರೂ ಹುಂಬರಲ್ಲ. ಫೋನನ್ನು ಹೇಗೆ ರಾತ್ರಿಯಿಡೀ ಚಾರ್ಜಿಗೆ ಹಾಕುತ್ತೇವೋ ಹಾಗೆಯೇ ಇದನ್ನೂ ಹಾಕಿದ್ದರು. ಅವರಿಗೆ ತಿಳಿಸಿ ಹೇಳುವವರು ಇರಲಿಲ್ಲ.

ಸರಕಾರ ಆ ವರ್ಷವೇ ತಜ್ಞರ ಸಮಿತಿಯಿಂದ ತನಿಖೆ ಮಾಡಿಸಿ, ಎಐಎಸ್-156 ಎಂಬ ಸುರಕ್ಷತಾ ಮಾನಕವನ್ನು ಬಿಗಿಗೊಳಿಸಿತು. 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31 ಎಂಬ ಎರಡು ಹಂತಗಳಲ್ಲಿ ಅದು ಜಾರಿಗೆ ಬಂತು. ಸೆಲ್ಲುಗಳ ಪರೀಕ್ಷೆ, ಚಾರ್ಜರಿನ ನಿಯಂತ್ರಣ, ಒಂದು ಸೆಲ್ಲಿನ ಕಾವು ಇನ್ನೊಂದಕ್ಕೆ ಹಬ್ಬದಂತೆ ತಡೆ, ಅಪಾಯದ ಮುನ್ಸೂಚನೆಗೆ ಸದ್ದು ಮತ್ತು ದೀಪ, ಇವೆಲ್ಲ ಅದರಲ್ಲಿವೆ. ವಿಜ್ಞಾನಿಗಳೂ ಸುಮ್ಮನೆ ಕೂತಿರಲಿಲ್ಲ. 1997ರಲ್ಲೇ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಒಂದು ಪ್ರಬಂಧ ಪ್ರಕಟವಾಗಿತ್ತು. ಬರೆದವರು ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ನಂಜುಂಡಸ್ವಾಮಿ ಎಂಬ ಹೆಸರು ನಮ್ಮ ಕಿವಿಗೆ ಎಷ್ಟು ಪರಿಚಿತ! ಕೋಬಾಲ್ಟಿನ ಬದಲು ಕಬ್ಬಿಣದ ಫಾಸ್ಫೇಟ್ ಬಳಸುವ ದಾರಿಯನ್ನು ಅದು ತೋರಿಸಿತು. ಇದು ಕಾವಿಗೆ ಅಷ್ಟು ಬೇಗ ಆಮ್ಲಜನಕವನ್ನು ಬಿಟ್ಟುಕೊಡುವುದಿಲ್ಲ. ಎಲ್‌ಎಫ್‌ಪಿ ಎಂದು ಬರೆದಿರುವ ಬ್ಯಾಟರಿ ಇದೇ. ಹಾಗೆಂದು ಇದು ಉರಿಯುವುದೇ ಇಲ್ಲ ಎಂದು ಭಾವಿಸಬೇಡಿ. ಇದರೊಳಗಿನ ದ್ರವವೂ ಉರಿಯುವಂಥದೇ. ಅಪಾಯ ಕಡಿಮೆ, ಅಷ್ಟೇ.

ಬಂಧುಗಳೇ, ಇಷ್ಟು ವರ್ಷಗಳ ಚರಿತ್ರೆಯನ್ನು ಹಿಂಡಿದರೆ ಸಿಗುವ ಸಾರ ಇದು: ಲಿಥಿಯಂ ಬ್ಯಾಟರಿಯಿಂದ ಬೆಂಕಿಯನ್ನು ಯಾರೂ ಪೂರ್ತಿ ಹೊರದಬ್ಬಿಲ್ಲ. ಇಂಗಾಲ, ಪರದೆ, ಕಾವಲು ಹಲಗೆ, ಮಾನಕ, ಹೀಗೆ ಒಂದರ ಮೇಲೊಂದು ಬೇಲಿ ಹಾಕಿದ್ದಾರೆ. ಕೊನೆಯ ಬೇಲಿ ಮನೆಯೊಳಗಿದೆ. ಅದನ್ನು ಹಾಕಬೇಕಾದವರು ನಾವು.

ಹೇಗೆ ಹಾಕಬೇಕು? ದೊಡ್ಡ ಬ್ಯಾಟರಿಯನ್ನು ಎಚ್ಚರವಿದ್ದಾಗ ಮಾತ್ರ ಚಾರ್ಜು ಮಾಡಿ. ಬಾಗಿಲ ಬಳಿ, ಮೆಟ್ಟಿಲ ಕೆಳಗೆ, ಮಲಗುವ ಕೋಣೆಯಲ್ಲಿ ಬೇಡ. ಬೆಂಕಿ ಹತ್ತಿದರೆ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ. ಕಾಸರಗೋಡಿನ ಕಡೆ ಅಡಕೆ ಮೂಟೆಯ ಪಕ್ಕ, ಆದವಾನಿಯ ಕಡೆ ಹತ್ತಿಯ ರಾಶಿಯ ಪಕ್ಕ, ಎಲ್ಲೇ ಆಗಲಿ ಹುಲ್ಲಿನ ಬಣವೆಯ ಪಕ್ಕ ಚಾರ್ಜಿಗೆ ಇಡಬೇಡಿ. ಮೊಬೈಲನ್ನು ದಿಂಬಿನ ಕೆಳಗೆ, ಹಾಸಿಗೆಯ ಮೇಲೆ ಚಾರ್ಜಿಗೆ ಹಾಕಬೇಡಿ. ಬಿಸಿ ಹೊರಹೋಗದೆ ಒಳಗೇ ಕೂಡುತ್ತದೆ. ಆ ಸ್ಕೂಟರಿಗೆಂದು ಕೊಟ್ಟ ಚಾರ್ಜರನ್ನೇ ಬಳಸಿ. ಹಳೆಯ ಶೆಲ್ಲನ್ನು ಬಿಸಿಲಿಗಿಟ್ಟ ರೂಢಿಯನ್ನು ಇಲ್ಲಿಗೆ ತರಬೇಡಿ. ರಾಯದುರ್ಗ, ಸೊಲ್ಲಾಪುರಗಳ ಬೇಸಿಗೆಯ ಬಿಸಿಲು ಈ ಬ್ಯಾಟರಿಗೆ ಶತ್ರು. ಮಳೆಗಾಲದಲ್ಲಿ ನೀರಲ್ಲಿ ಮುಳುಗಿದ ಬ್ಯಾಟರಿಯನ್ನು ಒಣಗಿಸಿ ಚಾರ್ಜು ಮಾಡಬೇಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ. ಬಳಕೆ ನಿಲ್ಲಿಸಿ ಮನೆಯ ಹೊರಗಿಡಿ. ತಿಪ್ಪೆಗೆ, ಕಸದ ಬೆಂಕಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರದು. ತುದಿಗಳಿಗೆ ಟೇಪು ಸುತ್ತಿ ಕೊಂಡ ಅಂಗಡಿಯಲ್ಲಿ ವಿಚಾರಿಸಿ.

ಹೊಗೆ ಕಂಡಿತೋ, ಸಾಮಾನು ಉಳಿಸಲು ನಿಲ್ಲಬೇಡಿ. ಮೊದಲು ಮಕ್ಕಳು, ಮುದುಕರು, ಆಮೇಲೆ ಎಲ್ಲರೂ ಹೊರಗೆ. ಮೇನ್ ಸ್ವಿಚ್ಚು ದಾರಿಯಲ್ಲೇ ಕೈಗೆ ಸಿಕ್ಕರೆ ಆರಿಸಿ. ಮೊಬೈಲಿನಂಥ ಚಿಕ್ಕದಾದರೆ, ಪ್ಲಗ್ಗು ಕಡಿದ ಮೇಲೆ ದೂರದಿಂದ ಧಾರಾಳವಾಗಿ ನೀರು ಸುರಿಯಬಹುದು. ಲಿಥಿಯಂ ಲೋಹಕ್ಕೆ ನೀರು ವೈರಿ ಎಂದೆವಲ್ಲ, ಈ ಬ್ಯಾಟರಿಯಲ್ಲಿ ಲೋಹದ ಗಟ್ಟಿ ಇಲ್ಲ. ಇಲ್ಲಿ ನೀರು ಕಾವನ್ನು ಇಳಿಸುತ್ತದೆ. ಸ್ಕೂಟರಿನ ಬೆಂಕಿಯೊಡನೆ ಮಾತ್ರ ಸೆಣಸಬೇಡಿ, ಅದು ಅಗ್ನಿಶಾಮಕ ದಳದ ಕೆಲಸ. ಆರಿದ ಬ್ಯಾಟರಿ ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದು. ಅದನ್ನು ಮನೆಯೊಳಗೆ ತರಬೇಡಿ.

ಫೋನು ಮಾಡಬೇಕಾದ ಸಂಖ್ಯೆ 101 ಅಥವಾ 112. ಗಡಿಯ ನಮಗೆ ಇಲ್ಲೊಂದು ಮಾತು. ನಮ್ಮ ಹಲವು ಊರುಗಳಿಗೆ ಮನೆಯಲ್ಲೊಂದು ಹೆಸರು, ಸರಕಾರಿ ಫಲಕದ ಮೇಲೆ ಇನ್ನೊಂದು ಹೆಸರು. ನಾವು ಆದವಾನಿ ಎನ್ನುತ್ತೇವೆ, ಫಲಕ ಆದೋನಿ ಎನ್ನುತ್ತದೆ. ನಾವು ಮಂಜೇಶ್ವರ ಎನ್ನುತ್ತೇವೆ, ಫಲಕ ಮಂಜೇಶ್ವರಂ ಎನ್ನುತ್ತದೆ. ದೊಡ್ಡ ಊರಿಗೆ ಇದರಿಂದ ತೊಂದರೆಯಿಲ್ಲ. ಸಣ್ಣ ಹಳ್ಳಿಗೆ, ಕೇರಿಗೆ, ಅರ್ಧ ಗಂಟೆ ತಪ್ಪಿಹೋಗಬಹುದು. ಆದ್ದರಿಂದ ದಾಖಲೆಯಲ್ಲಿರುವ ಊರಿನ ಹೆಸರು, ಹತ್ತಿರದ ಗುರುತು, ಈ ಎರಡನ್ನೂ ಆಯಾ ರಾಜ್ಯದ ಭಾಷೆಯಲ್ಲಿ ಹೇಳಲು ಮನೆಯ ಹಿರಿಯರಿಗೂ ಮಕ್ಕಳಿಗೂ ಇಂದೇ ಕಲಿಸಿ. ಎರಡು ಭಾಷೆ ಬಲ್ಲವರು ನಾವು. ಆ ಸಂಪತ್ತು ಇಂಥ ಹೊತ್ತಿಗೆ ಒದಗಬೇಕು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರಂತೆ ಎಂಬ ಗಾದೆ ನಮ್ಮ ಪಾಲಿಗೆ ನಿಜವಾಗದಿರಲಿ.